ಬಿಳಿ ಹುಬ್ಬಿನವನ ಮೇಲೆ ಕಟ್ಟಿದ ಪಂದ್ಯ

ಕೊಂಡಪ್ಪ ಸತ್ತು ಮಳೆಗಾಲ ಕಳೀತು, ದೀಪಾವಳಿ ಕಳೀತು, ಅವನ ಅಕ್ಕ ಗಂಗಾದೇವಿ ಮಾತ್ರ ಒಂದು ಹನಿ ಕಣ್ಣೀರು ಹಾಕಲಿಲ್ಲ. ಹಿಂದೂಪುರದ ನೇಕಾರರ ಬೀದಿ ಅಂದ್ರೆ ಕೇಳಬೇಕೇ? ಒಂದು ಮನೇಲಿ ಒಗ್ಗರಣೆ ಹಾಕಿದ್ರೆ ನಾಲ್ಕನೇ ಮನೇಲಿ ಸೀನ್ತಾರೆ. ಅಂಥಾ ಕಡೆ ಒಡಹುಟ್ಟಿದ ತಮ್ಮ ಸತ್ತು ಅಕ್ಕ ಅಳಲಿಲ್ಲ ಅಂದ್ರೆ ಜನ ಸುಮ್ನಿರ್ತಾರಾ? ಕೆಲವರು ಕಲ್ಲೆದೆ ಅಂದ್ರು. ಕೆಲವರು ಪಾಪ, ದಿಗಿಲು ಹೊಡೆದದೆ ಅಂದ್ರು. ಎದುರು ಮನೆ ಲಕ್ಷ್ಮಕ್ಕ ಸಾಯಂಕಾಲ ಆದ್ರೆ ಸಾಕು, ಬಂದು ಪಕ್ಕದಲ್ಲಿ ಕೂತು, "ಅತ್ಬುಡಮ್ಮ, ಎದೆ ಹಗುರಾಯ್ತದೆ, ಅತ್ಬುಡು" ಅಂತ ಕಷಾಯ ಕುಡಿಸೋರ ಥರಾ ಪುಸಲಾಯಿಸೋಳು. ಗಂಗಾದೇವಿ "ಹ್ಞೂ" ಅನ್ನೋಳು, ಎದ್ದು ಹೋಗಿ ಒಲೆ ಹಚ್ಚೋಳು.

ಅಳಬಾರದು ಅಂತ ಅವಳೇನೂ ಹಠ ಹಿಡಿದಿರಲಿಲ್ಲ. ಬರ್ತಿರಲಿಲ್ಲ, ಅಷ್ಟೆ. ಹಸಿವಾದ್ರೆ ತಿಂತಿದ್ಲು, ಉಪ್ಪು ಹಾಕಿಲ್ಲ ಅಂತ ತಿಂದು ಕೈ ತೊಳೆದ ಮೇಲೆ ಗೊತ್ತಾಗೋದು. ಒಂದು ದಿನ ಕುದಿಯೋ ಪಾತ್ರೆನ ಬರಿಗೈಲಿ ಇಳಿಸಿ, ಬೊಬ್ಬೆ ಎದ್ದ ಮೇಲೆ, "ಓ, ಸುಟ್ಟಂಗಿದೆ" ಅಂದ್ಕೊಂಡ್ಲು. ಅದೂ ಬೇರೆ ಯಾರದೋ ಕೈ ಅನ್ನೋ ಹಂಗೆ.

ಅವಳ ಕಸುಬು ಅಚ್ಚು ಕೆಚ್ಚೋದು. ಮಗ್ಗದ ಮೇಲೆ ಹಳೇ ಹಾಸು ಮುಗೀತಾ ಬಂದಾಗ, ಹೊಸ ಹಾಸಿನ ಒಂದೊಂದೇ ರೇಷ್ಮೆ ಎಳೇನ ಹಳೇ ಎಳೆಯ ತುದಿಗೆ ಹಿಡಿದು, ಬೂದಿ ಮುಟ್ಟಿದ ಬೆರಳಲ್ಲಿ ತಿರುಚಿ ಸೇರಿಸಬೇಕು. ಎಣಿಸೋಕೆ ಹೋದ್ರೆ ತಲೆ ಕೆಡ್ತದೆ, ಅಷ್ಟು ಎಳೆ. ಅವಳೂ ತಮ್ಮನೂ ಎದುರುಬದುರು ಕೂತು ಮಾಡೋರು. ಚಿಕ್ಕ ವಯಸ್ಸಲ್ಲೇ ಗಂಡನ್ನ ಕಳ್ಕೊಂಡು ತೌರಿಗೆ ಬಂದೋಳು ಅವಳು. ಮದುವೆ ಅಂದ್ರೆ ಮಾರು ದೂರ ಹಾರೋನು ಅವನು. ಅಪ್ಪ ಅಮ್ಮ ಇಬ್ಬರೂ ಹೋಗಿ ಎಷ್ಟೋ ವರ್ಷ ಆಗಿತ್ತು. ಕೆಚ್ಚೋಕೆ ಕೂತ್ರೆ ಕೈಗೆ ಕೆಲಸ, ಬಾಯಿಗೆ ಬಿಡುವು. ಕೊಂಡಪ್ಪನ ಬಾಯಿಗಂತೂ ಹುಟ್ಟಿದಾಗಿಂದ ಬಿಡುವೇ ಇರಲಿಲ್ಲ.

ಅವನು ಮಾತಾಡ್ತಿದ್ದುದು ಏನು ಅಂತೀರಿ? ಮನೆ ವಿಚಾರ ಅಲ್ಲ, ಮಗ್ಗದ ವಿಚಾರ ಅಲ್ಲ. ಒಂದು ಇಂಗ್ಲೀಷ್ ಪಿಕ್ಚರಿನ ವಿಚಾರ! ಆಕಾಶದಲ್ಲಿ ಊರಿನಷ್ಟು ದೊಡ್ಡ ಹಡಗುಗಳು ಓಡಾಡೋ ಪಿಕ್ಚರು. ಒಟ್ಟು ಮೂರು ಭಾಗ ಅಂತ ಪೋಸ್ಟರಿನಲ್ಲೇ ಹಾಕಿದ್ರು. ಮೊದಲನೇ ಭಾಗ ಹಿಂದೂಪುರಕ್ಕೆ ಭಾನುವಾರದ ಮಾರ್ನಿಂಗ್ ಷೋಗೆ ಬಂತು, ಬೀದಿಗೆ ಬೀದಿಯೇ ನೋಡ್ತು, ಒಬ್ಬರಿಗೂ ಒಂದು ಮಾತು ಅರ್ಥ ಆಗಲಿಲ್ಲ. ಅರ್ಥ ಆಗಿದ್ರೆ ಅಲ್ಲಿಗೆ ಮುಗಿದಿರೋದು. ಆಗದೇ ಇದ್ದುದಕ್ಕೇ ವರ್ಷಗಟ್ಟಲೆ ಮಾತಾಡೋಕಾಯ್ತು. ಹಡಗಿನ ಸೇನಾಪತಿಯ ಹೆಸರು ಯಾರ ಕಿವಿಗೂ ಹತ್ತಲಿಲ್ಲ; ಒಂದು ಹುಬ್ಬು ಕರಿ, ಒಂದು ಬಿಳಿ ಇತ್ತು ಅಂತ "ಬಿಳಿ ಹುಬ್ಬಿನೋನು" ಅಂತ ಇಟ್ರು. ಹಸಿರು ಬಟ್ಟೆ ರಾಣಿ ಅವನಿಗೆ ಹೆಂಡತಿ ಅಂತ ಒಬ್ಬರು. ಅಲ್ಲ ಕಣ್ರೋ, ಚಿಕ್ಕಂದಿನಲ್ಲಿ ಜಾತ್ರೇಲಿ ತಪ್ಪಿಸಿಕೊಂಡ ತಂಗಿ ಅಂತ ಇನ್ನೊಬ್ಬರು. ಆಕಾಶದಲ್ಲಿ ಯಾವ ಜಾತ್ರೆ ಅಂತ ಕೇಳೋಕೆ ಯಾರಿಗೂ ತೋಚಲಿಲ್ಲ.

ಎರಡನೇ ಭಾಗ ಬಂದಾಗ ಎಡವಟ್ಟಾಯ್ತು.

ಕೊಂಡಪ್ಪ ಸೀರೆ ಗಂಟು ಹೊತ್ತು ಕಲ್ಯಾಣದುರ್ಗ, ಬೆಳುಗುಪ್ಪ, ಬ್ರಹ್ಮಸಮುದ್ರ ಅಂತ ಮಾರೋಕೆ ಹೋಗ್ತಿದ್ದ. ಆ ಕಡೆ ಜೀಪು ಓಡಿಸೋ ಓಬುಳಪತಿ ಅವನ ಜೀವದ ಗೆಳೆಯ. ಪಿಕ್ಚರು ಹಿಂದೂಪುರಕ್ಕೆ ಬಂದ ವಾರ ಕೊಂಡಪ್ಪ ಕಲ್ಯಾಣದುರ್ಗದಲ್ಲಿದ್ದ. ಓಬುಳಪತಿ ಜೀಪಿನ ರಿಪೇರಿಗೆ ಅಂತ ಹಿಂದೂಪುರಕ್ಕೆ ಬಂದಿದ್ದೋನು ಇಲ್ಲೇ ನೋಡ್ಬುಟ್ಟ. ಮುಂದಿನ ವಾರ ಪಿಕ್ಚರು ಕಲ್ಯಾಣದುರ್ಗದ ಟೆಂಟಿಗೆ ಹೋಯ್ತು, ಕೊಂಡಪ್ಪ ಅಲ್ಲಿ ನೋಡ್ದ. ಇವನ ಊರಲ್ಲಿ ಅವನು, ಅವನ ಊರಲ್ಲಿ ಇವನು. ಆಮೇಲೆ ಇಬ್ಬರೂ ಟೀ ಅಂಗಡಿ ಬೆಂಚಿನ ಮೇಲೆ ಕೂತ್ರಲ್ಲ, ಶುರುವಾಯ್ತು ನೋಡಿ ರಾಮಾಯಣ.

"ಬಿಳಿ ಹುಬ್ಬಿನೋನು ಬೆಂಕಿ ಬಾಗಿಲೊಳಕ್ಕೆ ಹೋದ, ಬಾಗಿಲು ಮುಚ್ಚಿ ಎಲ್ಲರನ್ನೂ ಉಳಿಸ್ದ, ಸತ್ತ. ಅಯಿಪೋಯಿಂದಿ, ಮುಗೀತು ಕತೆ" ಅಂತ ಓಬುಳಪತಿ.

"ಸತ್ತೋನು ಆಮೇಲೆ ಊಟಕ್ಕೆ ಹೆಂಗ್ಲಾ ಕೂತ?" ಅಂತ ಕೊಂಡಪ್ಪ.

"ಯಾವ ಊಟ?"

"ಬೆಂಕಿಗೆ ಹೋದ ಮೇಲೆ, ಎಲ್ಲರ ಜೊತೆ ಮೇಜಿಗೆ ಕೂತು ನಗ್ತಾ ನಗ್ತಾ ರೊಟ್ಟಿ ಮುರ್ಕೊಂಡು ತಿಂದ್ನಲ್ಲೋ! ಇದೇ ಕಣ್ಣಲ್ಲಿ ನೋಡಿದೀನಿ. ಬೆಂಕಿ ಬಾಗಿಲಿಗೆ ಹಿಂದ್ಗಡೆ ಇನ್ನೊಂದು ಆಕಾಶ ಅದೆ. ಅದರೊಳಗಿಂದ ಸುತ್ತಿ ಬಂದ್ಬುಟ್ಟ."

"ತಾಗಿ ಚೂಶಾವಾ ಏಂದಿರಾ?" ಅಂದ ಓಬುಳಪತಿ. ಕುಡಿದು ನೋಡಿದ್ಯೇನೋ ಅಂತ.

ಇದಕ್ಕೆ ಹಿಂದೂಪುರದಲ್ಲೂ ಕಲ್ಯಾಣದುರ್ಗದಲ್ಲೂ ಪಕ್ಷ ಕಟ್ಟಿದ್ರು ಜನ. ಲಕ್ಷ್ಮಕ್ಕ ಪಿಕ್ಚರು ನೋಡದೇನೇ ತೀರ್ಮಾನ ಕೊಟ್ಲು: "ಡಬಲ್ ಆಕ್ಟಿಂಗ್ ಇರ್ತದೆ ಕಣಪ್ಪ. ಸತ್ತೋನು ಅಣ್ಣ, ಉಂಡೋನು ತಮ್ಮ." ಗಂಗಾದೇವಿ ಮಾತ್ರ ಒಂದು ಭಾಗವನ್ನೂ ನೋಡಿರಲಿಲ್ಲ. ಆದ್ರೆ ಅಚ್ಚು ಕೆಚ್ಚೋವಾಗ ಎಷ್ಟು ಸಲ ಕೇಳಿದ್ಲು ಅಂದ್ರೆ, ಬಿಳಿ ಹುಬ್ಬಿನೋನು ರೊಟ್ಟಿ ಮುರಿಯೋ ಮೊದಲು ಎರಡು ಕೈಲಿ ಹಿಡಿದು ಒಂದು ಗಳಿಗೆ ನೋಡ್ತಾನೆ ಅನ್ನೋದೂ ಅವಳಿಗೆ ಗೊತ್ತಿತ್ತು. "ಸಾಕು ಮಾಡೋ ಮಾರಾಯ, ಎಳೆ ತಪ್ತದೆ" ಅಂತ ಬೈಯೋಳು. ಅವನು ಒಂದು ಕ್ಷಣ ಸುಮ್ನಿದ್ರೆ, "ಆಮೇಲೆ?" ಅಂತ ಅವಳೇ ಕೇಳೋಳು.

ಕೊನೆಗೆ ಪಂದ್ಯ ಕಟ್ಟಿದ್ರು. ಮೂರನೇ ಭಾಗದಲ್ಲಿ ಬಿಳಿ ಹುಬ್ಬಿನೋನು ಬಂದ್ರೆ ಓಬುಳಪತಿ ಮೀಸೆ ಬೋಳಿಸ್ಬೇಕು, ಬರದಿದ್ರೆ ಕೊಂಡಪ್ಪ. ನಮ್ಮ ಕಡೆ ಅಪ್ಪ ಬದುಕಿರೋನು ಮೀಸೆ ತೆಗಿಯೋದು ಅಂದ್ರೆ ಹುಡುಗಾಟ ಅಲ್ಲ. ಅಪ್ಪ ಸತ್ತಾಗ ತೆಗಿಯೋದು ಅದು. ಓಬುಳಪತಿಯ ಅಪ್ಪ ಗಂಗುಲಪ್ಪ ಅಲ್ಲೇ ಟೀ ಕುಡೀತಾ ಕೂತಿದ್ದೋನು ಲೋಟ ಕುಕ್ಕಿ, "ನಾನಿನ್ನೂ ಗುಂಡುಕಲ್ಲಿನಂಗೆ ಕೂತಿವ್ನಿ, ಮೀಸೆ ತೆಗೀತಾನಂತೆ ನನ್ಮಗ!" ಅಂತ ಎಗರಾಡ್ದ. ಓಬುಳಪತಿ, "ನಾನು ಸೋತ್ರೆ ತಾನೇ ಅಪ್ಪಾ?" ಅಂತ ಮೀಸೆ ತಿರುವಿದ.

ಮೂರನೇ ಭಾಗ ಬರಲೇ ಇಲ್ಲ. ವರ್ಷ ಒಂದಾಯ್ತು, ಎರಡಾಯ್ತು. ಮುಂಗಾರಿನ ಮೊದಲ ವಾರ, ಬೆಳಗ್ಗೆ, ಕೊಂಡಪ್ಪ ಕಲ್ಯಾಣದುರ್ಗಕ್ಕೆ ಹೊರಟ. ಗಂಗಾದೇವಿ ರಾಗಿರೊಟ್ಟಿ, ಕಡ್ಲೆಕಾಯಿ ಚಟ್ನಿ ಮಾಡಿದ್ಲು. ಅವನು ರೊಟ್ಟೀನ ಎರಡು ಕೈಲಿ ಹಿಡಿದು, ಒಂದು ಗಳಿಗೆ ನೋಡಿ, ಹುಬ್ಬು ಏರಿಸಿ, ಮುರಿದು, "ಹಿಂಗೇ ಕಣಕ್ಕ ಅವನು ತಿಂದಿದ್ದು" ಅಂತ ನಕ್ಕ. "ಸರಿ, ಹೋಗೋ ಬಸ್ಸು ತಪ್ತದೆ" ಅಂದ್ಲು. "ಬತ್ತೀನಿ" ಅಂತ ಹೋದ. ಬ್ರಹ್ಮಸಮುದ್ರದ ಬಸ್ ಸ್ಟಾಂಡಿನಲ್ಲಿ ಸೀರೆ ಗಂಟಿಗೆ ಒರಗಿಕೊಂಡು ಕೂತಿದ್ದೋನು ಹಂಗೇ ಪಕ್ಕಕ್ಕೆ ವಾಲ್ದ. ಎದೆ ನಿಂತುಹೋಗಿತ್ತು. ಹೆಣಾನ ಓಬುಳಪತಿಯೇ ಜೀಪಿನಲ್ಲಿ ಹಾಕ್ಕೊಂಡು ಹಿಂದೂಪುರಕ್ಕೆ ತಂದ. ದಾರಿ ಉದ್ದಕ್ಕೂ ಒಬ್ಬನೇ ಮಾತಾಡ್ತಾ ಬಂದ್ನಂತೆ, ಜೊತೆಗಿದ್ದೋರು ಹೇಳಿದ್ರು.

ಕರ್ಮ ಮಾಡಿದ್ದು ದಾಯಾದಿ ಶ್ರೀರಾಮುಲು. ಅವನೇ ಆಮೇಲೆ ಗಂಗಾದೇವಿಗೆ ಹೇಳ್ದ: ತನ್ನ ತಲೆ ಮೀಸೆ ಬೋಳಿಸಿಕೊಂಡು ಎದ್ದ ಮೇಲೆ, ಓಬುಳಪತಿ ಹೋಗಿ ಕ್ಷೌರದೋನ ಮುಂದೆ ಕೂತುಬಿಟ್ಟನಂತೆ. ಹಿರೇರು, "ನೀನು ದಾಯಾದಿ ಅಲ್ಲ, ನಮ್ಮ ಜಾತಿ ಅಲ್ಲ, ಮೇಲಾಗಿ ಅಪ್ಪ ಬದುಕವ್ನೆ. ಅಪಶಕುನ, ಎದ್ದೇಳು" ಅಂತ ರಟ್ಟೆ ಹಿಡಿದು ಎಬ್ಬಿಸಿದ್ರಂತೆ. ಅವನು ಹೋಗಿ ಜೀಪಿನ ಹಿಂದೆ ನಿಂತನಂತೆ. ಗಂಗಾದೇವಿ ಇದನ್ನೂ ಕೇಳಿ "ಹ್ಞೂ" ಅಂದ್ಲು.

ಅಚ್ಚು ಕೆಚ್ಚೋಕೆ ಎದುರಿಗೆ ಲಕ್ಷ್ಮಕ್ಕ ಕೂರೋಕೆ ಶುರು ಮಾಡಿದ್ಲು. ಕೆಲಸ ನಡೀತಿತ್ತು.

ಹಿಂಗಿರೋವಾಗ, ದೀಪಾವಳಿ ಕಳೆದ ಮೇಲೆ, ಗೋಡೆ ಮೇಲೆ ಪೋಸ್ಟರು ಬಿತ್ತು. ಮೂರನೇ ಭಾಗ! ಹಾಳಾದ್ದು, ಇಷ್ಟು ವರ್ಷ ಎಲ್ಲಿ ಸತ್ತಿತ್ತೋ. ಅವನು ಬದುಕಿದ್ದಾಗ ಬರೋಕೇನು ಧಾಡಿಯಾಗಿತ್ತು ಇದಕ್ಕೆ? ನೀರು ತರೋಕೆ ಹೋಗ್ತಿದ್ದ ಗಂಗಾದೇವಿ ಬಿಂದಿಗೆ ಸೊಂಟದ ಮೇಲಿಟ್ಕೊಂಡೇ ಅದರ ಮುಂದೆ ನಿಂತ್ಲು. ಎಷ್ಟೋ ತಿಂಗಳಿಂದ ಏನೂ ಬೇಕು ಅನಿಸಿರಲಿಲ್ಲ ಅವಳಿಗೆ. ಈಗ ಒಂದು ಬೇಕು ಅನಿಸ್ತು. ಅವನು ಗೆದ್ದನಾ ಇಲ್ವಾ ಅಂತ ಗೊತ್ತಾಗಬೇಕು. ಜೀವಮಾನದಲ್ಲಿ ಕೊಂಡಪ್ಪ ಯಾವುದರಲ್ಲೂ ಗೆದ್ದೋನಲ್ಲ. ವ್ಯಾಪಾರದಲ್ಲಿ ಇಲ್ಲ, ಇಸ್ಪೀಟಿನಲ್ಲಿ ಇಲ್ಲ. ಇದೊಂದನ್ನಾದ್ರೂ ಗೆಲ್ಲಲಿ ಅಂತ ಅವಳಿಗೆ ಆಸೆ ಆಯ್ತು. ಮೀಸೆ ಇಟ್ಕೊಂಡೇ ಚಿತೆ ಏರಿದೋನು. ಸೋತಿದ್ರೆ ಆ ಪಂದ್ಯ ತೀರಿಸದೆ ಹಂಗೇ ಉಳೀತದಲ್ಲ ಅನ್ನೋ ಸಂಕಟ.

ಭಾನುವಾರ ಲಕ್ಷ್ಮಕ್ಕನ್ನ ಕರ್ಕೊಂಡು ಮಾರ್ನಿಂಗ್ ಷೋಗೆ ಹೋದ್ಲು. ಹೆಂಗಸರ ಕಡೆ ಇವರಿಬ್ಬರೇ. ದೀಪ ಆರ್ತು. ಹಡಗು ಬಂತು, ಅವನು ಹೇಳಿದ ಹಂಗೇ ಊರಿನಷ್ಟು ದೊಡ್ಡದು. ಹಸಿರು ಬಟ್ಟೆ ರಾಣೀನ ನೋಡಿದ ತಕ್ಷಣ ಗುರುತು ಹಿಡಿದ್ಲು, ನೆಂಟರ ಮನೆಯೋಳನ್ನ ಕಂಡ ಹಂಗೆ. ರಾಣಿ ಒಂದು ಗೋಡೆ ಹತ್ರ ಹೋದ್ಲು. ಗೋಡೆಗೆ ಒಂದು ಕೋಟು ನೇತುಹಾಕಿತ್ತು, ಪಕ್ಕದಲ್ಲಿ ಪಟ. ಪಟದೊಳಗೆ ಒಂದು ಹುಬ್ಬು ಕರಿ, ಒಂದು ಬಿಳಿ. ರಾಣಿ ಕೋಟಿನ ಮೇಲೆ ಕೈ ಇಟ್ಟು ನಿಂತ್ಲು.

"ಪಟ ಹಾಕವ್ರೆ ಕಣಮ್ಮ" ಅಂದ್ಲು ಲಕ್ಷ್ಮಕ್ಕ, ಮೆಲ್ಲಗೆ.

"ಇರು. ಬತ್ತಾನೆ" ಅಂದ್ಲು ಗಂಗಾದೇವಿ.

ಯುದ್ಧ ಆಯ್ತು. ಹಡಗುಗಳು ಸಿಡಿದ್ವು. ಬಾಗಿಲು ತೆರೆದಾಗೆಲ್ಲಾ ಗಂಗಾದೇವಿ ಮುಂದಕ್ಕೆ ಬಗ್ಗಿ ನೋಡೋಳು. ಇನ್ಯಾರೋ ಬರೋರು. ಪಿಕ್ಚರು ಮುಗಿದು ದೀಪ ಹತ್ತಿ, ಜನ ಚಪ್ಪಲಿ ಹುಡುಕ್ಕೊಂಡು ಎದ್ರೂ ಅವಳು ಕೂತೇ ಇದ್ಲು. ಬಿಳಿ ಹುಬ್ಬಿನೋನು ಬರಲಿಲ್ಲ. ಕೊಂಡಪ್ಪ ಸೋತಿದ್ದ.

ಆಪರೇಟರ್ ಕೇಶವಯ್ಯ ಮೇಲಿನ ಕೋಣೆಯಿಂದ ಮೆಟ್ಟಿಲು ಇಳಿದು ಬಂದ. ಇವರ ಬೀದಿಯೋನೇ, ವರಸೇಲಿ ಮಾವ. ಗಂಗಾದೇವೀನ ಥಿಯೇಟರಿನಲ್ಲಿ ನೋಡಿ ಗಾಬರಿಯಾಗಿ, "ಏನಮ್ಮಾ ಇಲ್ಲಿ?" ಅಂದ.

"ಮಾವ, ಒಂದು ಹೇಳು. ಎರಡನೇ ಭಾಗದಲ್ಲಿ ಬೆಂಕೀಗೆ ಹೋದ ಮೇಲೆ ಅವನು ಊಟಕ್ಕೆ ಕೂತಿದ್ದು ನಿಜವಾ? ನಮ್ಮ ಕೊಂಡ ಸುಳ್ಳು ಹೇಳೋನಲ್ಲ."

ಕೇಶವಯ್ಯ ತಲೆ ಕೆರ್ಕೊಂಡ. "ಸುಳ್ಳಲ್ಲಮ್ಮ. ಅವನು ನೋಡಿದ್ದು ಹಂಗೇ. ಅದು ಕಲ್ಯಾಣದುರ್ಗದ ಟೆಂಟಿನೋರ ಘನಂದಾರಿ ಕೆಲಸ. ಒಂದೇ ಮಿಷನ್ನು ಅವರದು, ಡಬ್ಬಿ ಎತ್ತಿಡೋವಾಗ ರೀಲು ಅದಲುಬದಲು ಮಾಡ್ಬುಟ್ರು. ಸಾಯೋದು ಮೊದಲು ಓಡ್ತು, ಸಾಯೋಕೆ ಮುಂಚಿನ ಊಟ ಆಮೇಲೆ ಓಡ್ತು. ಇಂಗ್ಲೀಷು, ಯಾವನಿಗೆ ಗೊತ್ತಾಗ್ಬೇಕು? ಪೆಟ್ಟಿಗೆ ವಾಪಸ್ ನಮ್ಮ ಕೈಗೆ ಬಂದಾಗ ನಾನು ನೋಡ್ದೆ. ಅದು ಅವನು ಎಲ್ಲರ ಜೊತೆ ಉಂಡ ಕೊನೇ ಊಟ ಕಣಮ್ಮ."

ಗಂಗಾದೇವಿಗೆ ರಾಗಿರೊಟ್ಟಿ ಹಿಡಿದ ಎರಡು ಕೈ ಕಣ್ಣ ಮುಂದೆ ಬಂತು. ಆಗಲೂ ಅಳು ಬರಲಿಲ್ಲ.

"ಯಾಕೆ ಅವನಿಗೆ ಹೇಳಲಿಲ್ಲ ಮಾವ?"

"ಹೇಳೋಣ ಅಂತಿದ್ದೆ. ಅಷ್ಟರಲ್ಲಿ ಆ ಓಬುಳಪತಿ ಬಂದಿದ್ದ, ಅವನಿಗೆ ಹೇಳ್ದೆ. ಗೆದ್ದೆ ಅಂತ ಕುಣೀತಾನೆ ಅಂದ್ಕೊಂಡ್ರೆ, ಕೈ ಹಿಡ್ಕೊಂಡು, 'ಅಣ್ಣಾ, ಕೊಂಡಂಗೆ ಮಾತ್ರ ಹೇಳ್ಬ್ಯಾಡ. ಗೊತ್ತಾದ್ರೆ ಜಗಳ ನಿಂತೋಯ್ತದೆ, ಆಮೇಲೆ ಅವನು ನನ್ನ ಹತ್ರ ಏನು ಮಾತಾಡ್ತಾನೆ?' ಅಂದ. ಹುಚ್ಚು ಮುಂಡೇದು."

ದಾರೀಲಿ ಲಕ್ಷ್ಮಕ್ಕ, "ಏನೇ ಹೇಳು, ಅದು ಡಬಲ್ ಆಕ್ಟಿಂಗೇ" ಅಂದ್ಲು. ಗಂಗಾದೇವಿ ಹ್ಞೂ ಅನ್ನೋದನ್ನೂ ಮರೆತಿದ್ಲು.

ಪಿಕ್ಚರು ಪೆಟ್ಟಿಗೆ ಕಟ್ಟಿಕೊಂಡು ಕಲ್ಯಾಣದುರ್ಗಕ್ಕೆ ಹೋಯ್ತು. ಅದಾಗಿ ಸ್ವಲ್ಪ ದಿನಕ್ಕೆ, ಮಟಮಟ ಮಧ್ಯಾಹ್ನ, ಬಾಗಿಲ ಮುಂದೆ ಜೀಪು ನಿಂತ ಸದ್ದಾಯ್ತು. ಗಂಗಾದೇವಿ ಮಗ್ಗದ ಹಿಂದಿಂದ ಎದ್ದು ಬಂದ್ಲು. ಬಂದೋನು ಯಾರು ಅಂತ ಮೊದಲು ಗೊತ್ತಾಗಲಿಲ್ಲ. ಗೊತ್ತಾದ ಮೇಲೆ ಬಾಗಿಲು ಹಿಡ್ಕೊಂಡ್ಲು. ಓಬುಳಪತಿಯ ಮುಖದ ಮೇಲೆ ಮೀಸೆ ಇರಲಿಲ್ಲ. ಬಿಸಿಲು ಕಾಣದ ಮೇಲ್ತುಟಿ ಬೆಳ್ಳಗೆ ಇತ್ತು.

"ಅಯ್ಯೋ, ಅಪ್ಪ ಹೋದ್ನೇನೋ?"

"ಇಲ್ಲಕ್ಕ, ಗಟ್ಟಿಮುಟ್ಟಾಗವ್ನೆ. ಹಿಂಗಾದ ಮೇಲೆ ನನ್ನ ಜೊತೆ ಮಾತು ಬಿಟ್ಟವ್ನೆ, ಅಷ್ಟೆಯ" ಅಂತ ಓಬುಳಪತಿ ಚಪ್ಪಲಿ ಬಿಟ್ಟು ಒಳಗೆ ಬಂದ. ನಿಂತ್ಕೊಂಡೇ, ಒಪ್ಪಿಸೋನ ಥರಾ ಹೇಳ್ದ: "ಗೆದ್ದ ಅಕ್ಕಾ, ನಿನ್ನ ತಮ್ಮ. ಮೂರನೇ ಭಾಗ ನಮ್ಮೂರಿಗೆ ಬಂತು. ಬಂದ್ಬುಟ್ಟ ಅಕ್ಕ ಬಿಳಿ ಹುಬ್ಬಿನೋನು! ಪಂದ್ಯ ಅಂದ್ರೆ ಪಂದ್ಯ. ಆವತ್ತು ಹಿರೇರು ಎಬ್ಬಿಸಿದ್ರು, ಈಗ ಯಾವನು ಎಬ್ಬಿಸ್ತಾನೆ? ಸೋತೋನು ತೆಗೀಲೇಬೇಕಲ್ಲ."

ಗಂಗಾದೇವಿ ಅವನ ಮುಖಾನೇ ನೋಡಿದ್ಲು. ಅವನು ನೆಲ ನೋಡ್ತಿದ್ದ. ಜೀಪಿನ ಸದ್ದಿಗೆ ಲಕ್ಷ್ಮಕ್ಕ ಓಡಿ ಬಂದಿದ್ದೋಳು ಬಾಗಿಲಲ್ಲೇ ಬಾಯಿ ತೆಗೆದ್ಲು. "ಎಲ್ಲಿ ಬಂದ್ನಪ್ಪ? ನಾವೂನು ಮೊನ್ನೆ..."

"ಲಕ್ಷ್ಮಕ್ಕಾ!" ಅಂದ್ಲು ಗಂಗಾದೇವಿ. ಎಷ್ಟೋ ತಿಂಗಳಾದ ಮೇಲೆ ಅವಳ ದನಿ ಅಷ್ಟು ಜೋರಾಗಿ ಕೇಳಿದ್ದು. "ನಿಮ್ಮನೇಲಿ ಮಜ್ಜಿಗೆ ಇದ್ರೆ ಒಂದು ಚೊಂಬು ತಗೊಂಬಾ. ಬಿಸಿಲಲ್ಲಿ ಬಂದವ್ನೆ."

ಲಕ್ಷ್ಮಕ್ಕ ಇವಳ ಮುಖ ನೋಡಿದ್ಲು, ಅವನ ತುಟಿ ನೋಡಿದ್ಲು. ಬಾಯಿ ಬಡುಕಿ ನಿಜ, ದಡ್ಡಿ ಅಲ್ಲ. "ತತ್ತೀನಿ ಇರಮ್ಮ" ಅಂತ ಸೆರಗಲ್ಲಿ ಮೂಗು ಒರೆಸಿಕೊಂಡು ಹೋದ್ಲು.

"ನೀನೂ ನೋಡ್ಬೇಕಿತ್ತಕ್ಕ" ಅಂದ ಓಬುಳಪತಿ.

"ನಂಗ್ಯಾಕಪ್ಪ ಇಂಗ್ಲೀಷ್ ಪಿಕ್ಚರು. ಕೂತ್ಕೋ, ಒಂದು ರೊಟ್ಟಿ ತಟ್ಟಿಕೊಡ್ತೀನಿ. ತಿಂತಾ ಹೇಳು. ಹೆಂಗೆ ಬಂದ?"

ಅವನು ಒಲೆ ಮುಂದೆ ಕೂತು ಹೇಳ್ದ. ಬೆಂಕಿ ಬಾಗಿಲ ಹಿಂದೆ ಇನ್ನೊಂದು ಆಕಾಶ ಇತ್ತಂತೆ. ಅಲ್ಲಿ ಸುತ್ತಿ ಸುತ್ತಿ ದಾರಿ ಹುಡುಕಿದನಂತೆ. ಒಂದಿನ ಗೋಡೇಲಿದ್ದ ಕೋಟು ಇಲ್ಲ. ಯಾರು ತಗೊಂಡ್ರು ಅಂತ ನೋಡಿದ್ರೆ ಅವನೇ ಹಾಕ್ಕೊಂಡು ನಿಂತವ್ನೆ! ರಾಣಿ ಬಾಯಿ ಮೇಲೆ ಕೈ ಇಟ್ಕೊಂಡ್ಲಂತೆ. ಅವನು ಮಾತಿಲ್ಲ ಕತೆಯಿಲ್ಲ, ನೇರ ಬಂದು ಊಟಕ್ಕೆ ಕೂತನಂತೆ. ಕೋಟಿನ ಗೋಡೆ ಒಂದು ಬಿಟ್ರೆ ಮಿಕ್ಕಿದ್ದೆಲ್ಲಾ ಕೊಂಡಪ್ಪನ ಮಾತು. ಗಂಗಾದೇವಿ ಅಚ್ಚಿನ ಮುಂದೆ ಕೂತು ಸಾವಿರ ಸಲ ಕೇಳಿದ ಮಾತು. ಅದನ್ನೆಲ್ಲಾ ಒಂದೂ ಬಿಡದೆ ಇವನೂ ನೆನಪಿಟ್ಟಿದ್ದ.

ಅವಳು ಬಿಸಿ ರೊಟ್ಟಿ ತಟ್ಟೆಗೆ ಹಾಕಿದ್ಲು. ಓಬುಳಪತಿ ಅದನ್ನ ಎರಡು ಕೈಲಿ ಹಿಡಿದು, ಒಂದು ಗಳಿಗೆ ನೋಡಿ, ಮುರಿದ.

"ಹಿಂಗೇ ಮುರಿದ್ನಾ?"

"ಹಿಂಗೇ ಅಕ್ಕ."

"ಮೀಸೆ ಇಲ್ದೆ ಸಿಪ್ಪೆ ಸುಲಿದ ಗೆಣಸಿನಂಗೆ ಕಾಣ್ತೀಯ ಕಣೋ" ಅಂದ್ಲು ಗಂಗಾದೇವಿ. "ಅವನಿದ್ದಿದ್ರೆ ನಿನ್ನ ಈ ಮೂತೀನ ಬೀದಿ ಬೀದೀಲಿ ತೋರಿಸ್ಕೊಂಡು..." ಅಂತ ನಗೋಕೆ ಹೋದೋಳು ನಗಲಿಲ್ಲ. ಹಿಟ್ಟಿನ ಕೈಯನ್ನ ಮುಖಕ್ಕೆ ಒತ್ಕೊಂಡು, ಒಲೆ ಪಕ್ಕದ ಗೋಡೆಗೆ ಒರಗಿ, ಇಡೀ ಬೀದಿಗೆ ಕೇಳೋ ಹಂಗೆ ಅತ್ಲು. ಎದುರು ಮನೇಲಿ ಮಜ್ಜಿಗೆ ಚೊಂಬು ಹಿಡ್ಕೊಂಡ ಲಕ್ಷ್ಮಕ್ಕ ಹೊಸ್ತಿಲು ದಾಟಲಿಲ್ಲ.

"ಅಳ್ಬ್ಯಾಡಕ್ಕ, ಗೆದ್ದವ್ನಲ್ಲ" ಅಂದ ಓಬುಳಪತಿ. ಅವನ ಕೈಲಿ ರೊಟ್ಟಿ ಹಂಗೇ ಇತ್ತು.

"ಹ್ಞೂ ಕಣಪ್ಪ. ಗೆದ್ದ." ಅವಳು ಸೆರಗಲ್ಲಿ ಮುಖ ಒರೆಸ್ಕೊಂಡ್ಲು. "ಇನ್ನೊಂದ್ಸಲ ಹೇಳು. ಗೋಡೇಲಿ ಕೋಟು ಇರಲಿಲ್ಲ ಅಂದ್ಯಲ್ಲ. ಆಮೇಲೆ?"

ಓಬುಳಪತಿ ಮೊದಲಿಂದ ಹೇಳ್ದ.